ಕಪ್ಪು ಸಿಗಾರು ಮತ್ತು ಕಾಕಾನ ಮೂಗು

ಆ ವಾರ ನಾನು ಸ್ಟೇರಿಂಗ್ ಹಿಡಿದೇ ನಿದ್ದೆ ಮಾಡುವಷ್ಟು ದಣಿದಿದ್ದೆ. ಮೂಡಲಗಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದಿದ್ದ ಸಾಹೇಬರನ್ನು ದಿನಾ ಗೋಕಾಕದ ಲಾಡ್ಜಿನಿಂದ ಕರೆದೊಯ್ದು ಸಂಜೆ ತಂದು ಬಿಡುವುದು ನನ್ನ ಬಾಡಿಗೆ. ದಾರಿ ತುಂಬ ಕಬ್ಬಿನ ಟ್ರ್ಯಾಕ್ಟರು. ಅವುಗಳ ಹಿಂದೆ ತೆವಳಿ ತೆವಳಿ ಸೊಂಟ ನನ್ನದಲ್ಲ ಅನ್ನುವಂತಾಗಿತ್ತು. ಕೊನೆಯ ದಿನ ಸಾಹೇಬರು ಖುಷಿಯಿಂದ ಒಂದು ಸಿಗಾರು ಕೊಟ್ಟರು. ಗಾಜಿನ ಕೊಳವೆಯಲ್ಲಿ ಹೆಬ್ಬೆರಳು ಗಾತ್ರದ್ದು, ಮೇಲಿನ ಎಲೆ ಹೆಚ್ಚುಕಡಿಮೆ ಕಪ್ಪು. ಬಲು ಮೇಲ್ತರದ ಮಾಲು, ಹೊಗೆ ನುಂಗಬಾರದು, ಬಾಯಲ್ಲಿ ಆಡಿಸಿ ಬಿಡಬೇಕು ಎಂದು ಪಾಠವನ್ನೂ ಹೇಳಿದರು. ನಾನು ಹೂಂಗುಟ್ಟಿದೆ. ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಾಗಿತ್ತು.

ಆದರೂ ಮರುದಿನ ಗಾಡಿಯನ್ನು ಹುಕ್ಕೇರಿ ಕಡೆ ತಿರುಗಿಸಿದೆ. ಕಾರಣ ನನ್ನ ಕಾಕಾ, ಅಪ್ಪನ ತಮ್ಮ. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅವನೇ. ನಲವತ್ತು ವರ್ಷ ತಂಬಾಕು ದಾಸ್ತಾನಿಡುವ ವಖಾರಿಯಲ್ಲಿ ಅವನ ಕೆಲಸ ಒಂದೇ: ಎಲೆ ಮೂಸಿ ನೋಡುವುದು. ಹದ ಬಂದಿದೆಯೋ, ಹದಕ್ಕೆ ಒಟ್ಟಿದ ಗುಡ್ಡೆಯನ್ನು ಇನ್ನೆರಡು ಸಲ ತಿರುವಬೇಕೋ ಅಂತ ಅವನು ಹೇಳಿದರೆ ಮುಗಿಯಿತು. ಹಸಿ ಎಲೆ ಚೀಲಕ್ಕೆ ತುಂಬಿದರೆ ಒಳಗೇ ಬೂಸ್ಟು ಹಿಡಿಯುತ್ತದೆ, ವರ್ಷದ ದುಡಿಮೆ ತಿಪ್ಪೆಗೆ. ವಖಾರಿ ಬಿಟ್ಟ ಮೇಲೂ ರೈತರು ಎಲೆ ಕಟ್ಟಿಕೊಂಡು ಅವನ ಕಟ್ಟೆಗೇ ಬರುತ್ತಿದ್ದರು. ಎಲೆ ನೋಡುವ ದಿನ ಅವನು ಉಳ್ಳಾಗಡ್ಡಿ ಮುಟ್ಟುತ್ತಿರಲಿಲ್ಲ; ಈರುಳ್ಳಿಯ ಘಾಟು ಮೂಗನ್ನು ಮಬ್ಬಾಗಿಸುತ್ತದೆ ಎನ್ನುತ್ತಿದ್ದ. ಪಲ್ಯದಲ್ಲಿ ಒಂದು ಚೂರು ಕಂಡರೂ ತಟ್ಟೆ ಸರಿಸುತ್ತಿದ್ದ. ನನಗೂ ಆ ವಿದ್ಯೆ ಕಲಿಸಲು ನೋಡಿದ. ನಾನು ತಲೆನೋವಿನ ನೆಪ ಹೇಳಿ ಡ್ರೈವಿಂಗಿಗೆ ಓಡಿದೆ. ಆ ತಪ್ಪಿತಸ್ಥ ಭಾವ ಇನ್ನೂ ಹೋಗಿಲ್ಲ. ಈ ಸಿಗಾರು ಮೂಸಿ ಅವನು ಏನು ಹೇಳುತ್ತಾನೆ ಎಂದು ಕೇಳುವ ಆಸೆಯೂ ಅದರದ್ದೇ ತುಂಡು.

ನಾನು ಹೋದಾಗ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಕಾದು ಕೂತಿದ್ದಳು. ನಾಲ್ಕು ಹರದಾರಿ ದೂರದ ಊರಿಂದ ಎಲೆಯ ಗಂಟು ಹಿಡಿದು ಬೆಳಗಿನ ಬಸ್ಸಿಗೆ ಬಂದಿದ್ದಳಂತೆ. ಗುಡ್ಡೆಯನ್ನು ನಾಳೆಯೇ ಚೀಲಕ್ಕೆ ತುಂಬಲೋ ಬೇಡವೋ ಅನ್ನುವುದು ಅವಳ ಪ್ರಶ್ನೆ. ಊಟವಾದ ಮೇಲೆ ಎಲೆ ನೋಡುತ್ತೇನೆ ಎಂದು ಹೇಳಿ ಕಾಕಾ ನನ್ನನ್ನೂ ಊಟಕ್ಕೆ ಎಳೆದ. ಅವನ ಹೆಂಡತಿ, ನನ್ನ ಕಾಕು, ರೊಟ್ಟಿ, ಝುಣಕ ಬಡಿಸಿ ಒಂದು ಉಳ್ಳಾಗಡ್ಡಿ ಗುದ್ದಿ ನಡುವೆ ಇಟ್ಟಳು. ಕಾಕಾ ಅರ್ಧ ತೆಗೆದುಕೊಂಡು ಕರಕರ ತಿಂದ. ನಾನು ತುತ್ತು ತಡೆದು ನೋಡಿದೆ. ವಯಸ್ಸಾಯಿತು, ಮರೆತಿರಬೇಕು ಅಂದುಕೊಂಡೆ. ಉಳಿದರ್ಧ ನಾನು ತಿಂದೆ.

ಕೈ ತೊಳೆದು ಹಿತ್ತಲಿಗೆ ಹೋಗಿ ಸಿಗಾರನ್ನು ಕೊಳವೆಯಿಂದ ತೆಗೆದು ಅವನ ಕೈಗಿಟ್ಟೆ. ಅವನು ಅದನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಹೊರಳಿಸಿದ, ಮೇಲಿನ ಎಲೆಯ ನರ ಸವರಿದ. ಇದು ಸುಟ್ಟು ಕಪ್ಪಾದದ್ದಲ್ಲ, ಗುಡ್ಡೆಯಲ್ಲಿ ಬಹಳ ದಿನ ಬೆವರಿ ಬೆವರಿ ಆದ ಬಣ್ಣ ಎಂದ. ಆಮೇಲೆ ಮೂಗಿಗೆ ಹಿಡಿದ. ಬಹಳ ಹೊತ್ತು ಹಿಡಿದ. ನಾನು ಕಾದೆ. ಕೊನೆಗೆ ವಾಪಸ್ಸು ಕೊಟ್ಟ.

"ನೀನ ಸೇದು. ಹೆಂಗೈತಿ ನನಗ ಹೇಳು."

ಕಡ್ಡಿ ಗೀರಿ ಬೀಡಿಯಂತೆ ಎದೆ ತುಂಬ ಎಳೆದೆ. ಸಾಹೇಬರ ಪಾಠವೆಲ್ಲ ಮಣ್ಣುಪಾಲು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ನುಂಗಬೇಡ ಎಂದು ಕಾಕಾ ಬೆನ್ನಿಗೊಂದು ಗುದ್ದಿದ. ಎರಡನೇ ಸಲ ಬಾಯಲ್ಲೇ ಇಟ್ಟುಕೊಂಡೆ. ಚಲೋ ಇದೆ ಎಂದೆ. ಅವನಿಗೆ ಸಿಟ್ಟು ಬಂತು. ಚಲೋ ಅಂದರೆ ಎಂಥದು, ನಾಲಿಗೆಯ ತುದಿಗೆ ಏನು, ಗಂಟಲಿಗೆ ಏನು ಎಂದು ಬೆನ್ನು ಹತ್ತಿದ. ಮೊದಲು ಕರಿಮೆಣಸು ಎಂದೆ. ಆಮೇಲೆ? ಹುರಿದ ಕಾಫಿಬೀಜದ ಕಹಿ. ಆಮೇಲೆ? ನನಗೆ ಸಾಕಾಗಿ ಹೋಗಿತ್ತು. ದಣಿದ ಮನುಷ್ಯನಿಗೆ ಇದೆಂಥ ಪರೀಕ್ಷೆ ಎಂದು ಗೊಣಗುತ್ತಲೇ ಮತ್ತೆ ಎಳೆದೆ. ಆಗ ಒಂದು ಗಟ್ಟಿಯಾದ ಸಿಹಿ ಬಂತು. ಗಾಣದಮನೆಯಲ್ಲಿ ಬೆಲ್ಲ ಇಳಿಸಿದ ಮೇಲೆ ಕೊಪ್ಪರಿಗೆಯ ತಳ ಕೆರೆದು ತಿನ್ನುತ್ತಿದ್ದೆವಲ್ಲ, ಅದು ಎಂದೆ.

ಕಾಕಾ ಕಣ್ಣು ಮುಚ್ಚಿ ತಲೆದೂಗಿದ. ಎಲೆ ಪೂರ್ತಿ ಹದಕ್ಕೆ ಬಂದಾಗಲೇ ಆ ಸಿಹಿ ಬರುವುದು ಎಂದ. ಆಮೇಲೆ ಮೆಲ್ಲಗೆ ಹೇಳಿದ:

"ಶ್ರಾವಣದಾಗ ಜ್ವರಾ ಬಂದಿತ್ತಲ್ಲ, ಆವಾಗಿಂದ ನನಗ ಯಾವ ವಾಸನಿನೂ ತಿಳಿವಲ್ದು. ಮೂಗ ಇಲ್ಲದವಗ ಉಳ್ಳಾಗಡ್ಡಿ ಏನ್ ಮಾಡತೈತಿ?"

ಹೋದ ವಾರ ಇಬ್ಬರಿಗೆ ಬರೀ ಕೈಯಿಂದ ಮುಟ್ಟಿ ಹದ ಬಂದಿದೆ ಎಂದು ಹೇಳಿ ಕಳಿಸಿದ್ದನಂತೆ. ಅಂದಿನಿಂದ ನಿದ್ದೆ ಹತ್ತುತ್ತಿಲ್ಲ ಎಂದ. ಅವನ ಮುಖ ನೋಡಲು ಧೈರ್ಯ ಸಾಲದೆ ಸಿಗಾರಿನ ಬೂದಿ ನೋಡುತ್ತ ಕೂತೆ. ಅದು ಬಿಳಿಯಾಗಿ, ಉದುರದೆ ನಿಂತಿತ್ತು.

ಅವನು ಎದ್ದು ಕಟ್ಟೆಗೆ ಹೋದ. ನಾನು ಹಿಂದೆ ಹೋದೆ. ಆ ಹೆಣ್ಣುಮಗಳು ಗಂಟು ಬಿಚ್ಚಿ ಎಲೆ ಚಾಚಿ, ಹದಕ್ಕೆ ಬಂದಿದೆಯೇ ಎಂದು ಕೇಳಿದಳು. ಅವನು ಕೈ ಚಾಚಲಿಲ್ಲ. ತನ್ನ ಮೂಗು ಹೋಗಿದೆ, ಸುಳ್ಳು ಹೇಳಲಾರೆ ಎಂದ. ಹೋದ ವಾರದ ಇಬ್ಬರ ಮನೆಗೂ ಹೋಗಿ ಇದನ್ನೇ ಹೇಳಬೇಕು ಎಂದೂ ಸೇರಿಸಿದ. ಅವಳು ಎಲೆಯನ್ನು ನನ್ನ ಕಡೆ ತಿರುಗಿಸಿದಳು.

"ಹಂಗಾರ ಇವರು ಮೂಸಲಿ. ಹೆಂಗೈತಿ ಅಂತ ನೀವು ಕೇಳ್ರಿ ಕಾಕಾರ. ಇವರು ಹಿತ್ತಲದಾಗ ಹೇಳಿದ್ದು ನನಗೂ ಕೇಳಸ್ತು."

ಒಂದು ವರ್ಷದ ಬೆಳೆ ನನ್ನ ಮೂಗಿನ ತುದಿಗೆ ಬಂದು ಕೂತರೆ ಹೇಗೆ? ಕಾಕಾ ನನ್ನ ಮುಖ ನೋಡಿದ.

"ಇವತ್ತ ಬ್ಯಾಡವ್ವಾ. ಇವನೂ ಉಳ್ಳಾಗಡ್ಡಿ ತಿಂದಾನ. ನಾಳೆ ಬಾ."

ಅವಳು ಗಂಟನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು. ನನಗೆ ಮರುದಿನ ಗೋಕಾಕ ಫಾಲ್ಸಿಗೆ ಬಾಡಿಗೆ ಇತ್ತು, ಫೋನು ಮಾಡಿ ಬೇರೆಯವರಿಗೆ ದಾಟಿಸಿ ಅಲ್ಲೇ ಉಳಿದೆ. ಮುಂಜಾನೆ ಕಾಕು ರೊಟ್ಟಿಯ ಜೊತೆ ರೂಢಿಯಂತೆ ಉಳ್ಳಾಗಡ್ಡಿ ಗುದ್ದಿ ತಂದಳು. ನಾನು ಉಳ್ಳಾಗಡ್ಡಿಯ ತಟ್ಟೆಯನ್ನು ಕಾಕಾನ ಕಡೆ ಸರಿಸಿದೆ. ಅವನೂ ತಿನ್ನಲಿಲ್ಲ.