ನಿಂತು ತಿಂದದ್ದು

ಸಂಜೆ ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನನಗೆ ಎರಡು ಯೋಚನೆ ಬರುತ್ತವೆ. ಇವತ್ತು ಎಣ್ಣೆಯಿಲ್ಲದೆ ರುಚಿಯಾಗಿ ಏನು ಮಾಡಲಿ ಎನ್ನುವುದು ಒಂದು. ಮಾಡದೇ ಹೋದರೆ ಏನಾಗುತ್ತದೆ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ, ಮಾಡದೆ ಇದ್ದು ನೋಡುವಷ್ಟು ಧೈರ್ಯ ನನಗಿಲ್ಲ.

ನನ್ನ ತವರು ಮಡಕಶಿರಾದ ಕಡೆ, ಗುಡಿಬಂಡೆಯ ಹತ್ತಿರ. ಮುದ್ದೆ, ಬಸ್ಸಾರು ತಿಂದು ಬೆಳೆದವಳು ರಾಯದುರ್ಗದ ಜೋಳದ ರೊಟ್ಟಿಯ ಮನೆಗೆ ಸೊಸೆಯಾಗಿ ಬಂದೆ. ಓಬಳಾಪುರದ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದ ಶಾಲೆಯ ಟೀಚರು. ಅದಿರಿನ ಕೆಂಪು ಧೂಳಿನ ರಸ್ತೆ, ಕುಲುಕುವ ಬಸ್ಸು, ದಿನವಿಡೀ ಕರಿಹಲಗೆಯ ಮುಂದೆ ನಿಲ್ಲುವುದು. ಕಳೆದ ವರ್ಷ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತು ಕೇಳದಾಯಿತು. ಆಮೇಲೆ ನೆಲದ ಮೇಲೆ ಕೂತರೆ ಏಳಲು ಆಗದಾಯಿತು.

ಬಳ್ಳಾರಿಯ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ. ತೂಕ ಇಳಿಸಿದರೆ ಕಾಲು ಉಳಿಯುತ್ತದೆ, ಇಲ್ಲವಾದರೆ ಆಪರೇಷನ್ ಎಂದರು. ಆಪರೇಷನ್ ಎಂದರೆ ತಿಂಗಳುಗಟ್ಟಲೆ ಮಲಗಬೇಕು. ನಾನು ಮಲಗಿದರೆ ಈ ಮನೆ ನಡೆಸುವವರು ಯಾರು? ಅತ್ತೆಯೇ ಗೋಡೆ ಹಿಡಿದು ನಡೆಯುತ್ತಾರೆ. ನನ್ನ ಗಂಡ 'ಇಳಿಸಿದ್ರಾತು ಬಿಡು' ಎಂದು ಗಾಡಿ ಸ್ಟಾರ್ಟ್ ಮಾಡಿದರು. ಇಳಿಸುವುದೇನು, ಅಟ್ಟದ ಮೇಲಿನ ಮೂಟೆಯೇ?

ಡಾಕ್ಟರು ಓಟ್ಸು, ಹಸಿ ತರಕಾರಿ ಎಂದಿದ್ದರು. ಮಂದಿಗೊಂದು ಅಡುಗೆ, ನನಗೊಂದು ಅಡುಗೆ ಮಾಡುವ ತ್ರಾಣ ನನ್ನಲ್ಲಿರಲಿಲ್ಲ. ಹಾಗಾಗಿ ಇಡೀ ಮನೆಯ ಅಡುಗೆಯನ್ನೇ ಯಾರಿಗೂ ಗೊತ್ತಾಗದಂತೆ ಬದಲಾಯಿಸುತ್ತ ಬಂದೆ. ಬದನೆಕಾಯಿಯನ್ನು ಎಣ್ಣೆಯಲ್ಲಿ ಬಾಡಿಸುವ ಬದಲು ಬೆಂಕಿಯಲ್ಲೇ ಸುಟ್ಟು, ಸಿಪ್ಪೆ ತೆಗೆದು, ಹುಣಸೆಹುಳಿ, ಹಸಿ ಈರುಳ್ಳಿ ಹಾಕಿ ಕಿವುಚಿದೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿಯನ್ನೂ ಸುಟ್ಟೇ ರುಬ್ಬಿದೆ. ಸುಟ್ಟ ವಾಸನೆ ಇದ್ದರೆ ನಾಲಿಗೆ ಎಣ್ಣೆಯನ್ನು ಅಷ್ಟಾಗಿ ಕೇಳುವುದಿಲ್ಲ ಎಂದು ಗೊತ್ತಾಯಿತು. ಶೇಂಗಾವನ್ನು ರುಬ್ಬಿ ಗೊಜ್ಜಿಗೆ ಸುರಿಯುವುದು ಬಿಟ್ಟು, ಹುರಿದು ತರಿತರಿಯಾಗಿ ಕುಟ್ಟಿ ಮೇಲೆ ಒಂದು ಚಿಟಿಕೆ ಉದುರಿಸಿದೆ. ಮೇಲಿದ್ದದ್ದು ಮೊದಲು ಬಾಯಿಗೆ ಸಿಗುತ್ತದೆ, ಒಳಗೆಲ್ಲ ಶೇಂಗಾವೇ ಇದೆ ಎಂದು ತಿನ್ನುವವರು ನಂಬುತ್ತಾರೆ. ತವರಿನ ಬಸ್ಸಾರು ಕೈಹಿಡಿಯಿತು. ಹುರುಳಿಕಾಳು, ಸೊಪ್ಪು ಬೇಯಿಸಿ ನೀರು ಬಸಿದು, ಆ ನೀರಿನಲ್ಲೇ ಖಾರವಾದ ಸಾರು, ಉಳಿದ ಕಾಳುಸೊಪ್ಪಿನ ಪಲ್ಯ. ಹೀರೆಕಾಯಿಯ ಸಿಪ್ಪೆಯನ್ನೂ ಬಿಡದೆ ಚಟ್ನಿ ಮಾಡಿದೆ. ಪುಂಡಿಸೊಪ್ಪಿನ ಹುಳಿಗೆ ಒಗ್ಗರಣೆಯೇ ಬೇಡವಾಯಿತು.

ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು. ಗಂಡ ಒಂದು ದಿನ ಬದನೆಕಾಯಿ ಮುಗಿಸಿ, ಇವತ್ತು ಎಣ್ಣೆ ಸ್ವಲ್ಪ ಜಾಸ್ತಿಯಾಯಿತು ಎಂದರು. ನಾನು ನಗಲೂ ಇಲ್ಲ, ಅಷ್ಟು ದಣಿದಿದ್ದೆ.

ಎಲ್ಲರಿಗೂ ಬಡಿಸಿದ ಮೇಲೆ ನಾನು ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ತಟ್ಟೆ ತೊಡೆಯ ಮೇಲಿಟ್ಟುಕೊಂಡು, ಡಾಕ್ಟರು ಹೇಳಿದಂತೆ ಒಂದೇ ರೊಟ್ಟಿ, ಒಂದಿಷ್ಟು ಪಲ್ಯ, ಒಂದು ಲೋಟ ಮಜ್ಜಿಗೆ ಮುಗಿಸುತ್ತಿದ್ದೆ. ಆಮೇಲೆ ಅಡುಗೆಮನೆ ಸ್ವಚ್ಛ ಮಾಡುವುದು. ಹಬ್ಬದಲ್ಲೂ ಹೋಳಿಗೆಯ ಕಡೆ ತಿರುಗಿ ನೋಡಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು, ಆ ಗಾದೆಯ ಮೇಲೆ ಭಾರ ಹಾಕಿ ಕಾಯುತ್ತಿದ್ದೆ.

ಡಾಕ್ಟರು ಮತ್ತೆ ಬರಲು ಹೇಳಿದ ದಿನ ಅತ್ತೆಯೂ ಜೊತೆಗೆ ಬಂದರು. ತೂಕ ಒಂದಿಷ್ಟೂ ಇಳಿದಿರಲಿಲ್ಲ. ಇನ್ನೊಮ್ಮೆ ಹೀಗೇ ಬಂದರೆ ಆಪರೇಷನ್ನಿಗೆ ದಿನ ನೋಡುವುದೇ ಎಂದು ಡಾಕ್ಟರು ಹೇಳಿ, ಏನೇನು ಉಣ್ಣುತ್ತೀರಿ ಎಂದು ವಿಚಾರಿಸಿದರು. ನಾನು ನಿಜವನ್ನೇ ಹೇಳಿದೆ. ಅವರಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅತ್ತೆ ಬಾಯಿಬಿಟ್ಟರು.

"ಆಕಿ ಸುಳ್ಳು ಹೇಳಂಗಿಲ್ರಿ. ಕುಂತು ಉಂಡಿದ್ದು ಹೇಳ್ಯಾಳ. ನಿಂತು ತಿಂದದ್ದು ಹೇಳಿಲ್ಲ."

ನನ್ನ ಮುಖಕ್ಕೆ ಯಾರೋ ನೀರು ಎರಚಿದಂತಾಯಿತು. ಮಗ ಅರ್ಧಕ್ಕೆ ಬಿಟ್ಟ ಅನ್ನ. ಮಗಳು ತಟ್ಟೆಯ ಅಂಚಿಗೆ ಸರಿಸಿದ ಕಾಳು. ಯಾರಾದರೂ ಬಂದಾರು ಎಂದು ದಿನವೂ ಒಂದು ಹಿಡಿ ಹೆಚ್ಚಿಗೆ ಮಾಡಿದ್ದು, ಯಾರೂ ಬರದೆ ತಪ್ಪಲೆಯ ತಳದಲ್ಲಿ ಉಳಿದದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಹರಿದ ರೊಟ್ಟಿ. ಅತ್ತೆಯ ಕಾಲು ಸೋತ ಮೇಲೆ ರೊಟ್ಟಿ ಬಡಿಯುವ ಕೆಲಸ ನನ್ನದಾಗಿತ್ತು. ಮುದ್ದೆ ತಿರುವಿದ ಕೈ, ಮೂರರಲ್ಲಿ ಒಂದು ಹರಿಯುತ್ತದೆ. ನಮ್ಮ ಮನೆಯಲ್ಲಿ ಹರಿದದ್ದನ್ನು, ಸೀದದ್ದನ್ನು ಯಾರ ತಟ್ಟೆಗೂ ಹಾಕುವಂತಿಲ್ಲ. ಅದು ಬಡಿದವಳ ಪಾಲು. ಇದನ್ನೆಲ್ಲ ನಾನು ಒಲೆಯ ಕಟ್ಟೆಗೆ ಒರಗಿ, ಪಾತ್ರೆ ಎತ್ತಿಡುತ್ತ ಬಾಯಿಗೆ ಹಾಕಿಕೊಂಡಿದ್ದೆ. ಅದು ಊಟ ಎಂದು ನನಗೆ ಒಂದು ದಿನವೂ ಅನ್ನಿಸಿರಲಿಲ್ಲ. ಅನ್ನ ಚೆಲ್ಲಬಾರದು, ಅಷ್ಟೇ.

ಬಸ್ಸಿನಲ್ಲಿ ಬರುವಾಗ ನನಗೆ ವಿಪರೀತ ಸಿಟ್ಟು ಬಂದಿತ್ತು. ಮೊದಲು ಉಳಿದದ್ದೆಲ್ಲ ಹಿತ್ತಲಿನ ಎಮ್ಮೆಯ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು. ಎಮ್ಮೆ ಮಾರಿದರು, ಅದರ ಕೆಲಸ ನನಗೆ ಬಂತು. ಅದನ್ನು ಅತ್ತೆ ಬೇರೆ ಊರಿನ ಡಾಕ್ಟರ ಮುಂದೆ ಹೇಳಬೇಕಿತ್ತೇ? ನೋಡುತ್ತಲೇ ಇದ್ದವರು ಮನೆಯಲ್ಲಿ ಒಂದು ಮಾತು ಆಡಬಾರದಿತ್ತೇ? ರಾಯದುರ್ಗದ ಬೆಟ್ಟ ಕಾಣುವವರೆಗೂ ನಾನು ಕಿಟಕಿಯ ಕಡೆಯೇ ಮುಖ ಮಾಡಿದ್ದೆ.

ಮನೆಗೆ ಬಂದು ಬಟ್ಟೆ ಬದಲಿಸಿ ಅಡುಗೆಮನೆಗೆ ಹೋದರೆ, ಪಡಸಾಲೆಯ ಕುರ್ಚಿ ಒಲೆಯ ಪಕ್ಕದಲ್ಲಿತ್ತು. ಅತ್ತೆ ಕಟ್ಟೆಗೆ ಸೊಂಟ ಆನಿಸಿ ನಿಂತು ಜೋಳದ ಹಿಟ್ಟು ನಾದುತ್ತಿದ್ದರು. ಬೆಳಿಗ್ಗೆ ನಾನು ಮಾಡಿಟ್ಟು ಹೋಗಿದ್ದ ಹುರುಳಿಯ ಪಲ್ಯ ಬಿಸಿಯಾಗುತ್ತಿತ್ತು. ಬಿಡಿ, ನಾನು ಮಾಡುತ್ತೇನೆ ಎಂದೆ. ಅವರು ಕೈಯಿಂದ ಕುರ್ಚಿ ತೋರಿಸಿದರು.

"ಕುಂದ್ರು. ನೀ ಮೊದಲ ಉಣ್ಣು. ಹೊಟ್ಟಿ ತುಂಬಿದಾಕಿ ತಳ ಕೆರಿಯಂಗಿಲ್ಲ."

ಗಂಡ, ಮಕ್ಕಳು ಪಡಸಾಲೆಯಲ್ಲಿ ಕಾಯುತ್ತಿದ್ದರು. ಈ ಮನೆಯಲ್ಲಿ ಅವರಿಗಿಂತ ಮೊದಲು ನಾನು ಉಂಡದ್ದಿಲ್ಲ. ಹೆದರಿಕೆ ಎಂದಲ್ಲ, ಕೈ ಮುಂದೆ ಹೋಗಲಿಲ್ಲ. ಉಬ್ಬಿದ ರೊಟ್ಟಿ ಹೆಂಚಿನಿಂದ ನೇರ ನನ್ನ ತಟ್ಟೆಗೆ ಬಿತ್ತು, ಬೆರಳು ಸುಟ್ಟಿತು. ಪಲ್ಯದ ಜೊತೆ ಒಂದು ತುತ್ತು ಬಾಯಿಗಿಟ್ಟೆ. ಸುಟ್ಟ ಬೆಳ್ಳುಳ್ಳಿಯ ಘಮ, ಮೇಲಿನ ಶೇಂಗಾ ಪುಡಿ, ಹುಳಿ, ಖಾರ. ಇಷ್ಟು ದಿನ ಎಲ್ಲರೂ ಎರಡೆರಡು ಸಲ ಬಡಿಸಿಕೊಂಡದ್ದು ಇದನ್ನೇ. ನಾನು ಮಾತ್ರ ಇದನ್ನು ಬಿಸಿಯಾಗಿ ತಿಂದಿರಲಿಲ್ಲ. ಕಣ್ಣು ತುಂಬಿತು, ಖಾರ ಎಂದು ಸೆರಗಿನಿಂದ ಒರೆಸಿಕೊಂಡೆ.

ಅತ್ತೆ ನನ್ನ ಕಡೆ ನೋಡದೆ ಇನ್ನೊಂದು ಉಂಡೆ ತಟ್ಟುತ್ತ ಹೇಳಿದರು:

"ನಮ್ಮತ್ತಿ ಹಿಂಗ ಒಂದು ಮಾತು ಅಂದಿದ್ರ ನನ್ನ ಕಾಲೂ ಉಳೀತಿದ್ವು ಏನೋ."

ಬಸ್ಸಿನಲ್ಲಿ ಹೊತ್ತು ತಂದಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ತಟ್ಟೆ ಕೆಳಗಿಟ್ಟು ಎದ್ದೆ.

"ಅತ್ತೆ, ನೀವೂ ಕುಂತ್ಕಳ್ರಿ," ಎಂದು ಅವರ ಹೆಗಲು ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಅವರು ಬೇಡವೆನ್ನಲಿಲ್ಲ, ಅವರೂ ದಣಿದಿದ್ದರು. ನಾನು ಉಳಿದ ಹಿಟ್ಟು ತೆಗೆದುಕೊಂಡು ಬಡಿದೆ. ಹೆಂಚಿಗೆ ಹಾಕುವಾಗ ರೊಟ್ಟಿ ಎಂದಿನಂತೆ ಹರಿಯಿತು. ಬೆಂದ ಮೇಲೆ ಎಂದಿನಂತೆಯೇ ನನ್ನ ಕೈ ಅದನ್ನು ಪಕ್ಕಕ್ಕೆ, ನನ್ನ ಪಾಲಿಗೆ ಎಂದು ಸರಿಸಿತು.

ಅತ್ತೆ ಕಟ್ಟೆಯ ಮೇಲಿಂದ ಒಂದು ತಟ್ಟೆ ತೆಗೆದು ಮುಂದೆ ಹಿಡಿದರು. "ಇಲ್ಲಿ ಹಾಕು," ಎಂದರು. "ಬಿಸಿ ಐತಲ್ಲ."