ಸೋಸಿದ ಎಣ್ಣೆ, ಯಂಕಣ್ಣನ ಕಿವಿ

ಮಾನ್ವಿಯ ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ ಯಂಕಣ್ಣನಿಗೆ ಓದು ಬರುತ್ತಿರಲಿಲ್ಲ. ಅವನಿಗಿದ್ದದ್ದು ಕಿವಿ. ಹಾಗಂತ ಊರು ನಂಬಿತ್ತು. ಜಾಲಿಕೋಲಿನ ಒಂದು ತುದಿಯನ್ನು ಎಂಜಿನ್ನಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, ಒಳಗಿನ ಬೇರಿಂಗು ಸವೆದಿದೆಯೋ ಗಟ್ಟಿಯಿದೆಯೋ ಹೇಳಿಬಿಡುತ್ತಿದ್ದ. ರಾಯಚೂರಿನ ಹತ್ತಿ ಗಿರಣಿಯವರೂ ಹಿಂದೆ ಒಂದೆರಡು ಸಲ ಕರೆಸಿಕೊಂಡದ್ದುಂಟು. ಗಬ್ಬೂರಿನಿಂದ ಬರಿಗೈಯಲ್ಲಿ ಬಂದ ಕೂಲಿಯವನಿಗೆ ಇಷ್ಟು ಮರ್ಯಾದೆ ಸಿಕ್ಕರೆ ತಲೆ ತಿರುಗದೆ ಇರುತ್ತದೆಯೆ? ಅವನದೂ ತಿರುಗಿತ್ತು.

ಆದರೆ ಹದಿನೈದು ವರ್ಷ ಎಂಜಿನ್ನಿನ ಪಕ್ಕ ನಿಂತ ಆ ಕಿವಿ ಎಂದೋ ಸತ್ತಿತ್ತು. ಇದು ಗೊತ್ತಿದ್ದದ್ದು ಹೆಂಡತಿ ಹುಲಗೆಮ್ಮನಿಗೆ ಮಾತ್ರ. ಗಿರಣಿಯ ಗದ್ದಲದಲ್ಲಿ ಎಲ್ಲರೂ ಕಿವುಡರೇ, ಎಲ್ಲರೂ ಒದರುವವರೇ. ಯಂಕಣ್ಣ ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಹುಲಗೆಮ್ಮ ಅಲ್ಲೇ ಕಾಳು ಸುರಿಯುವ ಕೆಲಸಕ್ಕಿದ್ದಳು. ಅವನು ಕೋಲು ಹಚ್ಚಿದಾಗ ದನಿ ಕೇಳುತ್ತಿದ್ದವಳು ಅವಳು. ಸರಿಯಿದ್ದರೆ ತಲೆ ಆಡಿಸುವಳು, ಕೆಟ್ಟಿದ್ದರೆ ಕೈ ತಿರುವುವಳು. ಊರು ಹೊಗಳಿದ್ದು ಅವಳ ಕಿವಿಯನ್ನು. ಹೆಸರು ಮಾತ್ರ ಗಂಡನದು.

ನಲವತ್ತೆರಡನೇ ಇಸವಿಯ ಹೊತ್ತಿಗೆ ದೂರದ ಯುದ್ಧ ಎಣ್ಣೆಯನ್ನೆಲ್ಲ ನುಂಗತೊಡಗಿತು. ರಾಯಚೂರಿನಿಂದ ತಿಂಗಳಿಗೆ ನಾಲ್ಕು ಡಬ್ಬಿ ಬರುತ್ತಿದ್ದ ಎಂಜಿನ್ ಎಣ್ಣೆ ಎರಡಾಯಿತು, ಒಂದಾಯಿತು, ಆಮೇಲೆ ಅದೂ ನಿಂತಿತು. ದೇವದುರ್ಗದ ಕಡೆ ಗಿರಣಿಗಳು ಬಾಗಿಲು ಹಾಕಿದವು, ಹೆಂಗಸರು ಮತ್ತೆ ಬೀಸುಕಲ್ಲಿಗೆ ಕೂತರು.

"ಡಬ್ಬಿ ಬರವಲ್ದು, ಯಂಕಣ್ಣ. ನಾವೂ ಬಂದ್ ಮಾಡೂದೇ ಏನು?" ಎಂದು ಗಿರಣಿಯ ಮಾಲಕ ಸೈಫುದ್ದೀನ್ ಸಾಹೇಬರು ಕೇಳಿದರು.

"ಸುಟ್ಟ ಎಣ್ಣಿ ಚೆಲ್ಲಬ್ಯಾಡ್ರಿ ಸಾಹೇಬ್ರ. ನಾ ಸೋಸಿ ಕೊಡ್ತೀನಿ."

ಎಂಜಿನ್ನಿನಿಂದ ಇಳಿಸಿದ ಕರಿ ಎಣ್ಣೆಯನ್ನು ಸಗಣಿ ಕುಳ್ಳಿನ ಬೆಂಕಿಯ ಮೇಲೆ ಹದವಾಗಿ ಕಾಸಿ, ಹನ್ನೆರಡು ದಿನ ಅಲ್ಲಾಡಿಸದೆ ಇಟ್ಟು, ತಳದ ಗಸಿ ಬಿಟ್ಟು, ಮೇಲಿನದನ್ನು ನಾಲ್ಕು ಮಡಿಕೆಯ ಕಂಬಳಿಯಲ್ಲಿ ಸೋಸಿದ. ನಾಲ್ಕು ಸೇರಿಗೆ ಮೂರು ಸೇರು ಉಳಿಯಿತು. "ಅಗಿದು ಉಗುಳಿದ ಎಲಿ ಮತ್ತ ಅಗಿದ್ಹಂಗ" ಎಂದು ಜನ ನಕ್ಕರು. ನಕ್ಕವರೇ ಜೋಳದ ಚೀಲ ಹೊತ್ತು ಸಾಲು ನಿಂತರು. ಬಾಗಲವಾಡದಿಂದ ಬಂಡಿಗಳು ಬಂದವು. ಒಂದು ವರ್ಷ ಗಿರಣಿ ತಿರುಗಿತು. ಯಂಕಣ್ಣನ ಮೀಸೆ ಇನ್ನಷ್ಟು ಮೇಲೇರಿತು.

ಆದರೆ ಸೋಸಿದ್ದನ್ನೇ ಎಷ್ಟು ಸಲ ಸೋಸುವುದು? ಒಂದೊಂದು ಸುತ್ತಿಗೂ ಎಣ್ಣೆ ನೀರಾಗುತ್ತಿತ್ತು. ಉಗಾದಿ ಹತ್ತಿರ ಬಂದು ಸಾಲು ಬೆಳೆದಾಗ ಎಣ್ಣೆ ತಿಳಿಯಾಗಲು ಬಿಡುತ್ತಿದ್ದ ಹನ್ನೆರಡು ದಿನ ಐದಕ್ಕಿಳಿಯಿತು. ಅದೇ ವಾರ ಹುಲಗೆಮ್ಮ ಚಳಿಜ್ವರದಲ್ಲಿ ಮಲಗಿದಳು. ಗಿರಣಿಯ ಹಿಂಗೋಡೆಗೆ ಅಂಟಿದ ಕೋಣೆಯೇ ಅವರ ಮನೆ.

"ನಾ ಏಳೂತನಕ ಸೋಸಿದ್ದು ಹಾಕಬ್ಯಾಡ್ರಿ," ಎಂದಳು, ಅವನ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡು. "ಸಾಹೇಬ್ರಿಗೆ ಖರೇ ಹೇಳಿಬಿಡ್ರಿ. ಮರ್ಯಾದಿ ಹೋದ್ರ ಹೋಗ್ಲಿ."

ಯಂಕಣ್ಣ ಹೂಂ ಎಂದ. ಹೂಂ ಅನ್ನುವುದಕ್ಕೆ ಏನು ಖರ್ಚು?

ಮರುದಿನ ಸಾಹೇಬರ ಕೈಯಲ್ಲಿ ಹೊಸ ಡಬ್ಬಿಯೊಂದಿತ್ತು. ಎರಡು ತಿಂಗಳು ಕಾದು ರಾಯಚೂರಿನಿಂದ ತಂದದ್ದು. ಯಂಕಣ್ಣ ಸೋಸಿದ ಎಣ್ಣೆ ಹಾಕಿ ಎಂಜಿನ್ ಅದಾಗಲೇ ಶುರು ಮಾಡಿದ್ದ.

"ದನಿ ಹೆಂಗದ? ನಿಲ್ಲಿಸಿ ಇದನ್ನ ಹಾಕೂಣೇನು? ನೀ ಹೇಳಿದ್ಹಂಗ."

ಸಾಲಿನ ಹೆಂಗಸರೆಲ್ಲ ಅವನನ್ನೇ ನೋಡುತ್ತಿದ್ದರು. ಯಂಕಣ್ಣ ಕೋಲು ಹಚ್ಚಿದ. ರೂಢಿಯಂತೆ ಕಣ್ಣು ಕಾಳಿನ ತೊಟ್ಟಿಯತ್ತ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಕೋಲು ನಡುಗುತ್ತಿತ್ತು, ಅದು ಯಾವಾಗಲೂ ನಡುಗುತ್ತಿತ್ತು. ಹಾಕಿರಿ ಎಂದರೆ ವರ್ಷದ ಹೆಸರು ಒಂದೇ ಮಾತಿಗೆ ಮಣ್ಣುಪಾಲು. ಕೇಳುವುದಿಲ್ಲ ಎಂದರೆ ಅನ್ನವೇ ಹೋಯಿತು.

"ಬೇಷ್ ಅದ ಸಾಹೇಬ್ರ. ಡಬ್ಬಿ ಇರ್ಲಿ," ಎಂದ.

ಈ ಕತೆ ಹೇಳುವ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಅಯ್ಯೋ ಅನಿಸುವುದೂ ಅವನನ್ನು ನೆನೆದೇ.

ಘಳಿಗೆ ಕಳೆಯುವಷ್ಟರಲ್ಲಿ ಎಂಜಿನ್ನಿನ ಹೊಟ್ಟೆಯೊಳಗೆ ಸುತ್ತಿಗೆ ಬಡಿದಂಥ ಸದ್ದು ಎದ್ದಿತು. ಸಾಲಿನಲ್ಲಿದ್ದ ಸೂಗಮ್ಮ "ಯಣ್ಣಾ, ಏನೋ ಬಡ್ಯಾಕತ್ತೈತಿ!" ಎಂದು ಕೂಗಿದಳು. ಯಂಕಣ್ಣ ಬೆನ್ನು ಹಾಕಿ ಗಿರಣಿ ತಿರುಗಿಸುವ ಪಟ್ಟಾ ನೋಡುತ್ತ ನಿಂತಿದ್ದ. ಅವನೇ ಹೆದರದ ಮೇಲೆ ನಮಗೇನು ಎಂದು ಜನ ಸುಮ್ಮನಾದರು. ಅಂಥ ಕಿವಿಯವನಿಗೆ ಕೇಳಿಸದೆ ಇರುತ್ತದೆಯೆ?

ಗೋಡೆಯಾಚೆ ಹುಲಗೆಮ್ಮನಿಗೆ ಕೇಳಿಸಿತು. ಕೌದಿ ಬಿಸಾಡಿ, ಜ್ವರದ ಮೈಯಲ್ಲೇ ಒದರುತ್ತ ಓಡಿಬಂದಳು. ಅವನ ಬೆನ್ನ ಹಿಂದೆ ನಿಂತು ಏನೋ ಕೂಗಿದಳು. ಅವನು ತಿರುಗಲಿಲ್ಲ. ಎರಡೂ ಕೈಯಿಂದ ಅವನನ್ನು ಪಕ್ಕಕ್ಕೆ ನೂಕಿದಳು. ಆ ಕ್ಷಣಕ್ಕೇ ಒಳಗಿನ ರಾಡು ಮುರಿದು, ಎಂಜಿನ್ನಿನ ಮೈ ಒಡೆದು ಹೊರಬಂತು. ಅವನು ನಿಂತಿದ್ದ ಜಾಗದಲ್ಲಿ ಈಗ ಅವಳಿದ್ದಳು. ಕಬ್ಬಿಣ ಎದೆಗೆ ಬಡಿಯಿತು.

ಯಂಕಣ್ಣ ನೆಲದಿಂದೆದ್ದು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ತುಟಿ ಆಡಲಿ ಎಂದು ಕಾದ. ಆಡಲಿಲ್ಲ. ಜೀವ ಹೋಗಿತ್ತು.

ಗಿರಣಿ ನಿಂತು ಎಲ್ಲ ನಿಶ್ಶಬ್ದವಾಗಿತ್ತು. ಸೊಲ್ಲೆತ್ತಿದರೆ ಬೀದಿಯ ತುದಿಗೂ ಕೇಳುವಂತಿತ್ತು.

"ಆಕಿ ಏನಂದ್ಲು?" ಎಂದು ಯಂಕಣ್ಣ ಕೇಳಿದ.

ಸೂಗಮ್ಮ ಹೇಳಿದಳು. ಮತ್ತೆ ಕೇಳಿದ. ಪಕ್ಕದವಳೂ ಬಿಕ್ಕುತ್ತ ಹೇಳಿದಳು. ಅವನು ಒಬ್ಬೊಬ್ಬರ ಮುಖಕ್ಕೂ ಮುಖ ಒಡ್ಡಿ ಹುಡುಕಿದ. ಅಳುವ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಸಾಹೇಬರು ಅವನನ್ನೇ ನೋಡುತ್ತ ನಿಂತರು; ಅವರಿಗೆ ಎಲ್ಲ ತಿಳಿದುಹೋಗಿತ್ತು.

"ಸೆರಗು ತಗೀರವ್ವಾ," ಎಂದು ಯಂಕಣ್ಣ ಕೈ ಮುಗಿದ. "ನಿಮ್ಮ ಕಾಲಿಗೆ ಬೀಳ್ತೀನಿ, ಬಾಯಿ ಮ್ಯಾಲಿನ ಸೆರಗು ತಗೀರಿ. ಆಕಿ ಏನಂದ್ಲು?"