ಲಗ್ನಪತ್ರಿಕೆಗಳಲ್ಲಿ ಕಟ್ಟಿದ ನಂಬರ್ ಪುಸ್ತಕ

ಹಳೆಯ ಲಗ್ನಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ. ನಾನು ದೊಡ್ಡಬಳ್ಳಾಪುರ ಕಡೆಯ ವಿಜಯಪುರದಲ್ಲಿ ಸೀರೆ ಮಾರುವವಳು. ಮೊದಲು ಗಂಟು ಹೊತ್ತು ಮನೆಮನೆಗೆ ಹೋಗುತ್ತಿದ್ದೆ, ಈಗ ಸ್ವಂತ ಅಂಗಡಿಯಿದೆ. ಗಿರಾಕಿಗಳ ಮನೆಯ ಮದುವೆಗೆಲ್ಲ ಕರೆ ಬರುತ್ತದೆ. ಕಾರ್ಡಿನ ಮೇಲೆ ಗಣೇಶ ಇರುತ್ತಾನೆ, ಕಸಕ್ಕೆ ಎಸೆಯಲು ಕೈ ಬರುವುದಿಲ್ಲ. ಇಟ್ಟುಕೊಂಡರೆ ಬೀರು ತುಂಬುತ್ತದೆ. ಅಂಥ ರಾಶಿಯಿಂದಲೇ ಹೋದ ವರ್ಷ ಅಮ್ಮನಿಗೆ ಫೋನ್ ನಂಬರಿನ ಪುಸ್ತಕ ಮಾಡಿಕೊಟ್ಟೆ.

ಅಮ್ಮ ನನ್ನ ಜೊತೆಯಲ್ಲೇ ಇದ್ದಾಳೆ. ಅಕ್ಷರ ಬಾರದು, ಅಂಕಿ ಬರುತ್ತದೆ. ಆಗಷ್ಟೇ ಅವಳಿಗೊಂದು ಬಟನ್ ಫೋನ್ ಕೊಡಿಸಿದ್ದೆ. ಹೆಸರು ಓದಲಾರದವಳಿಗೆ ಬರೀ ನಂಬರುಗಳ ಪಟ್ಟಿ ಯಾವ ಉಪಯೋಗಕ್ಕೆ? ಆದರೆ ಯಾವ ಕಾರ್ಡು ಯಾರ ಮನೆಯದು ಎನ್ನುವುದು ಅವಳಿಗೆ ಬಾಯಿಪಾಠ. ಜೋಡಿ ನವಿಲಿನದು ಅವಳ ತಮ್ಮನ ಮನೆಯದು, ಬಾಳೆಕಂಬದ್ದು ಕುಂದಾಣದ ತಂಗಿಯದು. ಹಾಗಾಗಿ ಮನೆಗೊಂದು ಕಾರ್ಡು, ಕಾರ್ಡಿಗೊಂದು ಪುಟ.

ಮಾಡುವುದು ಸುಲಭ. ಚಿತ್ರವಿರುವ ಭಾಗವನ್ನು ಒಂದೇ ಅಳತೆಗೆ ಕತ್ತರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಸೇರಿಸಿ ಅಂಟಿಸಿ. ಪುಟ ಗಟ್ಟಿಯಾಗುತ್ತದೆ, ಎರಡು ಕಡೆಯೂ ಚಿತ್ರ ಸಿಗುತ್ತದೆ. ಅಂಗಡಿಯ ಗೋಂದು ಕೊಳ್ಳಬೇಡಿ. ಮೈದಾ ಕಾಯಿಸಿ ಚಿಟಿಕೆ ಮೈಲುತುತ್ತ ಹಾಕಿದರೆ ಜಿರಳೆಯೂ ಮೂಸುವುದಿಲ್ಲ. ನಂಬರನ್ನು ಬಿಳಿ ಚೀಟಿಯಲ್ಲಿ ದಪ್ಪಗೆ ಬರೆದು ಚಿತ್ರದ ಕೆಳಗೆ ಅಂಟಿಸಿ. ತೂತು ಹೊಡೆಸಲು ಬಸ್ ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವನ ಬಳಿ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವನು, "ಅಕ್ಕಾ, ನಿಮ್ಮತ್ರ ಚೌಕಾಸಿ ಮಾಡೋ ಬದ್ಲು ಸುಮ್ನೆ ಹೊಡ್ಕೊಟ್ಬಿಡ್ತೀನಿ, ಆಮೇಲೆ ಜಾಗ ಖಾಲಿ ಮಾಡಿ" ಅಂದ. ಹುರಿ ಮಾಡಿದ ರೇಷ್ಮೆ ದಾರದಲ್ಲಿ ಹೊಲಿದು, ರಟ್ಟಿಗೆ ಜರಿ ಅಂಚಿನ ತುಂಡು ಸುತ್ತಿದೆ. ನೋಡಿದವರೆಲ್ಲ ನಮಗೂ ಒಂದು ಮಾಡಿಕೊಡು ಎಂದರು.

ಅಮ್ಮ ಒಂದೊಂದೇ ಪುಟ ತಿರುಗಿಸಿ ನಗುತ್ತಿದ್ದಳು. ಗಿಳಿಗಳ ಪುಟಕ್ಕೆ ಬಂದಾಗ ನಗು ನಿಂತಿತು. ಉಗುರಿನಿಂದ ಪುಟದ ಅಂಚು ಕೆರೆದಳು.

"ಲೇ, ಇದ್ರ ಹಿಂದ್ಗಡೆ ಎಲ್ಲೇ?"

"ಇನ್ನೊಂದು ಕಾರ್ಡ್ ಅಂಟ್ಸಿದ್ದೀನಿ ಕಣಮ್ಮ, ಗಟ್ಟಿ ಇರ್ಲಿ ಅಂತ."

"ಅಯ್ಯೋ, ಅದ್ರಲ್ಲಿ ಅವಳ ನಂಬರ್ ಬರ್ಸ್ಕೊಂಡಿದ್ನಲ್ಲೇ!"

ಅವಳು ಎಂದರೆ ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ಹದಿನೆಂಟು ವರ್ಷ ಅಮ್ಮನ ಪಕ್ಕದಲ್ಲಿ ಕೂತವಳು. ಗೂಡು ಬೇಯಿಸಿದ ಬಿಸಿನೀರಿನಲ್ಲಿ ಕೈಯಿಟ್ಟುಕೊಂಡು ಇಬ್ಬರೂ ದಿನವಿಡೀ ಮಾತಾಡಿದವರು. ಫಿಲೇಚರ್ ಮುಚ್ಚಿದ ಮೇಲೆ ಆಕೆ ತ್ಯಾಮಗೊಂಡ್ಲು ಕಡೆ ಅಣ್ಣನ ಮನೆಗೆ ಹೋದಳಂತೆ. ಯಾವ ಹಳ್ಳಿಯೆಂದು ಅಮ್ಮ ಕೇಳಿಕೊಂಡಿರಲಿಲ್ಲ. ಎಷ್ಟೋ ವರ್ಷದ ಮೇಲೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಾಳೆ. ಬಸ್ಸು ಹೊರಡುತ್ತಿತ್ತು. ಕೈಯಲ್ಲಿದ್ದ ಗಿಳಿ ಕಾರ್ಡಿನ ಹಿಂದೆ ಯಾರಿಂದಲೋ ನಂಬರ್ ಬರೆಸಿಕೊಂಡು, "ನನ್ಗಿನ್ನೂ ಫೋನಿಲ್ಲ, ಬಂದ ಮೇಲೆ ನಾನೇ ಮಾಡ್ತೀನಿ" ಎಂದು ಅಮ್ಮ ಮಾತು ಕೊಟ್ಟಿದ್ದಾಳೆ. ಇದೆಲ್ಲ ನನಗೆ ತಿಳಿದದ್ದು ಆಗ. ಅಂಟಿಸುವ ಮುಂಚೆ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ಸಾಕಿತ್ತು.

ಒದ್ದೆ ಬಟ್ಟೆ ಒತ್ತಿ ಬಿಡಿಸಿದೆ. ಜೆಲ್ ಪೆನ್ನಿನ ಬರಹ. ಎಂಟು ಅಂಕಿ ಉಳಿದವು, ಕೊನೆಯ ಎರಡು ನೀಲಿ ಕಲೆಯಾದವು.

"ಎರಡಂಕಿ ತಾನೇ? ನೂರು ಸಲ ಫೋನ್ ಮಾಡಿದ್ರೆ ಒಂದ್ ಸಲ ಅವಳೇ ಎತ್ತಬೇಕು. ನಾನಿದ್ದೀನಿ ಬಿಡಮ್ಮ" ಎಂದು ಜಂಬದಿಂದ ಹೇಳಿದೆ.

ಸೊನ್ನೆ ಸೊನ್ನೆಯಿಂದ ಶುರು ಮಾಡಿದೆ. ಒಬ್ಬ "ಲೋನ್ ಬೇಡ ಮೇಡಂ" ಎಂದು ಕಟ್ ಮಾಡಿದ. ಇನ್ನೊಬ್ಬರು ಅಜ್ಜ, ರಾಂಗ್ ನಂಬರ್ ಎಂದರೂ ಬಿಡದೆ ನಮ್ಮ ಕಡೆ ಮಳೆ ಹೇಗೆ ಎಂದು ಕೇಳಿದರು. ಮೂವತ್ತನಾಲ್ಕು ಆಗುವಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬದ ವ್ಯಾಪಾರ ಬಂತು. ಅಮ್ಮ ದಿನಾ ಸಂಜೆ "ಸಿಕ್ಳಾ?" ಅನ್ನುತ್ತಿದ್ದಳು. ಒಂದು ಸಂಜೆ, ಈ ಸೀರೆ ಬಣ್ಣ ಬಿಡುವುದಿಲ್ಲ ಎಂದು ಗಿರಾಕಿಗೆ ಹೇಳುವಷ್ಟೇ ಸಲೀಸಾಗಿ, "ನೂರಕ್ಕೂ ಮಾಡ್ದೆ ಕಣಮ್ಮ. ನಂಬರ್ ಬದ್ಲಾಯ್ಸಿರ್ಬೇಕು" ಎಂದುಬಿಟ್ಟೆ.

"ಹೋಗ್ಲಿ ಬಿಡು. ಅವಳ್ಗೇನ್ ತಾಪತ್ರಯವೋ" ಎಂದಳು. ಆಮೇಲೆ ಕೇಳಲಿಲ್ಲ. ಸುಮ್ಮನಾದಳಲ್ಲ ಎಂದು ಆಗ ನನಗೆ ಹಗುರವಾಗಿತ್ತು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಈ ಆಷಾಢದಲ್ಲಿ ಅಂಗಡಿಗೆ ಜನವಿರಲಿಲ್ಲ. ಸೀರೆ ಮಡಿಸಿ ಮಡಿಸಿ ಬೇಸರವಾಗಿ, ಮನಸ್ಸು ಚುಚ್ಚಿ, ನಿಲ್ಲಿಸಿದ ಕಡೆಯಿಂದ ಮತ್ತೆ ಶುರು ಮಾಡಿದೆ. ಎರಡನೆಯ ದಿನ ಒಬ್ಬಳು ಹುಡುಗಿ ಎತ್ತಿದಳು.

"ಇದು ನಮ್ಮತ್ತೆ ಫೋನು. ನೀವ್ಯಾರು?"

ಹೇಳಿದೆ.

"ವಿಜಯಪುರದೋರಾ? ಅತ್ತೆ ಯುಗಾದಿ ಆಗಿ ಎರಡು ವಾರಕ್ಕೆ ಹೋಗ್ಬಿಟ್ರು ಅಕ್ಕ. ನಿಮ್ ಫೋನ್ ಬರುತ್ತೆ ಅಂತ ಚಾರ್ಜ್ ಮುಗಿಯೋಕೇ ಬಿಡ್ತಿರ್ಲಿಲ್ಲ. ತಾವೇ ಬರೋಣ ಅಂದ್ರೆ ಬಸ್ ಹತ್ತೋಕೆ ಕಾಲಲ್ಲಿ ಶಕ್ತಿ ಇರ್ಲಿಲ್ಲ. ಅವಳು ಮಾಡ್ತೀನಿ ಅಂದ್ರೆ ಮಾಡೇ ಮಾಡ್ತಾಳೆ ಅನ್ನೋರು."

ಶ್ರಾವಣದಿಂದ ಯುಗಾದಿಗೆ ಎಷ್ಟು ತಿಂಗಳು, ಎಷ್ಟು ಮಾತು! ಬಾಗಿಲೆಳೆದು ಮನೆಗೆ ನಡೆದೆ. ದಾರಿಯಲ್ಲೇ ಹೊಸ ಸುಳ್ಳು ಸಿದ್ಧವಾಯಿತು: ಅವತ್ತು ಅವರ ಫೋನ್ ಸ್ವಿಚ್ ಆಫ್ ಆಗಿತ್ತು ಎಂದರೆ ಮುಗಿಯಿತು. ವ್ಯಾಪಾರ ಮಾಡುವವಳ ತಲೆ.

ಅಮ್ಮ ಅವರೆಕಾಳು ಆರಿಸುತ್ತಿದ್ದಳು. ಸುದ್ದಿ ಹೇಳಿದೆ. ಕೈ ನಿಂತಿತು.

"ನಿಂಗ್ಯಾರೇ ಹೇಳಿದ್ರು?"

"ಅದೇ ನಂಬರ್ ಸಿಕ್ತಮ್ಮ."

"ಆವತ್ತು ನೂರಕ್ಕೂ ಮಾಡ್ದೆ ಅಂದಿದ್ಯಲ್ಲೇ?"

ಸ್ವಿಚ್ ಆಫ್ ಎನ್ನುವ ಮಾತು ಬಾಯಿಯವರೆಗೆ ಬಂತು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

"ಮೂವತ್ನಾಲ್ಕಕ್ಕೇ ನಿಲ್ಲಿಸ್ಬಿಟ್ಟಿದ್ದೆ ಅಮ್ಮ."

ಬೈಯುತ್ತಾಳೆ ಎಂದು ಕಾದೆ. ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈಯೊರೆಸಿ, ಫೋನ್ ತೆಗೆದುಕೊಂಡಳು. "ನಂಬರ್ ಹೇಳು." ನಾನು ಒಂದೊಂದೇ ಅಂಕಿ ಹೇಳಿದೆ, ಅವಳು ಒಂದೊಂದೇ ಒತ್ತಿದಳು.

"ಯಾರವ್ವಾ, ಅವಳ ಅಣ್ಣನ ಮಗಳಾ? ನಾನು ಕಣವ್ವ, ವಿಜಯಪುರದೋಳು, ನಿಮ್ಮತ್ತೆ ಪಕ್ಕ ಕೂರ್ತಿದ್ದೋಳು." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ನಾನು ಪಕ್ಕದಲ್ಲೇ ನಿಂತಿದ್ದೆ. "ಇಲ್ಲ ಮಗ, ಯಾರ್ದೂ ತಪ್ಪಲ್ಲ. ನಂಗೇ ಫೋನ್ ಮಾಡೋಕ್ ಬರ್ತಿರ್ಲಿಲ್ಲ. ಕಲಿಯೋದು ತಡ ಆಗ್ಹೋಯ್ತು."